ಬಿಳಿ ಅಂಟು

ಮೇಕೆಗೆ ಗಡ್ಡ ಇರುವುದು ಹೊಸದೇನಲ್ಲ. ಆದರೆ ಆ ದಿನ ಬೈಂಡಿಂಗ್ ಅಂಗಡಿಯ ಹಿತ್ತಲಲ್ಲಿ ನಿಂತಿದ್ದ ಮೇಕೆಗೆ ಗಡ್ಡದ ಮೇಲೊಂದು ದಪ್ಪನೆಯ ಬಿಳಿ ಮೀಸೆಯೂ ಇತ್ತು. ಬೈಂಡರನ ಮಗಳು ಬಾಗಿಲಲ್ಲೇ ನಿಂತು ಮೀಸೆಯನ್ನೊಮ್ಮೆ ನೋಡಿದಳು, ಆರಲು ಇಟ್ಟಿದ್ದ ಮೈದಾ ಅಂಟಿನ ಬೋಗುಣಿಯನ್ನೊಮ್ಮೆ ನೋಡಿದಳು. ಬೋಗುಣಿ ಅರ್ಧ ಖಾಲಿ.

"ಅಯ್ಯೋ, ನಿನ್ನ ಮನೆ ಹಾಳಾಗ!" ಎಂದು ಪೊರಕೆ ಹಿಡಿದು ಓಡಿದಳು.

ಮೇಕೆ ಗಾಬರಿಯಾಗಲಿಲ್ಲ. ಹೊಸ ರಟ್ಟು ಹಾಕಿ ಬಿಸಿಲಿಗಿಟ್ಟಿದ್ದ ದಪ್ಪ ಪುಸ್ತಕವೊಂದರ ಬೆನ್ನು ನೆಕ್ಕಿತು. ರುಚಿ ಹಿಡಿಸಿತೋ ಏನೋ, ಬಟ್ಟೆಯ ತುದಿಯನ್ನು ಕಚ್ಚಿ ಹರಿದುಕೊಂಡು, ದಾರಿಗೆ ಬುತ್ತಿ ಕಟ್ಟಿಕೊಂಡವರ ಹಾಗೆ ನಿಧಾನವಾಗಿ ಬೇಲಿ ದಾಟಿ ಹೋಯಿತು.

ಬೇಲಿ ಎಂದು ಕರೆಯುವುದು ನಮ್ಮ ದೊಡ್ಡತನ. ಒಂದು ಹಳೇ ಮಂಚದ ಚೌಕಟ್ಟು, ಬೇಕರಿಯವರು ತುಕ್ಕು ಹಿಡಿಯಿತೆಂದು ಬಿಸಾಡಿದ ನಾಲ್ಕಾರು ಟ್ರೇಗಳು, ಜೋಡಿ ಕಳೆದುಕೊಂಡ ಒಂದು ಕಿಟಕಿ ಬಾಗಿಲು, ಇಷ್ಟನ್ನೂ ಒಟ್ಟಿಗೆ ಹಿಡಿದಿದ್ದು ಬಟ್ಟೆ ಒಣಹಾಕುವ ಹಗ್ಗ. ಜೋರಾಗಿ ಸೀನಿದರೆ ಬೀಳುವಂಥದ್ದು. ಪಕ್ಕದ ಮನೆಗೆ ಬೇಕರಿಯವನೂ ಅವನ ದೊಡ್ಡಮ್ಮನೂ ಬಾಡಿಗೆಗೆ ಬಂದ ದಿನದಿಂದ ಆ ಬೇಲಿ ಹೀಗೇ ಇತ್ತು. ಅವರ ಮೇಕೆಗಳು ಅದನ್ನು ಬೇಲಿ ಎಂದು ಒಂದು ದಿನವೂ ಒಪ್ಪಿಕೊಂಡಿರಲಿಲ್ಲ; ಅಂಟಿನವರೆಗೆ ಬಂದದ್ದು ಮಾತ್ರ ಇದೇ ಮೊದಲು.

ಅವಳು ಸುತ್ತಿ ಬಳಸಿ ಹೋಗಿ ಪಕ್ಕದ ಮನೆಯ ಮುಂಬಾಗಿಲು ಬಡಿದಳು. ದಾರಿಯುದ್ದಕ್ಕೂ ಮಾತು ಮಸೆದುಕೊಂಡೇ ಹೋಗಿದ್ದಳು. ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದವನ ರೆಪ್ಪೆಗಳ ಮೇಲೆ ಇನ್ನೂ ಮೈದಾ ಹಿಟ್ಟು ಕೂತಿತ್ತು. ಬೆಳಗಾಗುವ ಮೊದಲೇ ಓವನ್ ಹಚ್ಚುವವನು, ಊರು ಎದ್ದಮೇಲೆ ಮಲಗುವವನು. ಒಂದು ಕಣ್ಣು ಎಚ್ಚರವಾಗಿತ್ತು, ಇನ್ನೊಂದು ನಿದ್ದೆಯಲ್ಲೇ ಇತ್ತು. ಎಚ್ಚರವಿದ್ದ ಕಣ್ಣು ಅವಳನ್ನು ನೋಡಿ ಮತ್ತೊಂದನ್ನೂ ಎಬ್ಬಿಸಿತು.

"ಏನ್ರೀ, ನಿಮ್ಮ ಮೇಕೆ ನಮ್ಮ ಅಂಟು ತಿಂತು!"

"ಎಷ್ಟು ತಿಂತು?"

"ಎಷ್ಟು ಅಂತ ಕೇಳ್ತೀರಲ್ರೀ! ಯಾಕೆ ತಿಂತು ಅಂತ ಕೇಳಲ್ವಾ?"

"ಯಾಕೆ ಅನ್ನೋದು ಗೊತ್ತು. ಅಂಟಿಗೆ ಮೈದಾ ಹಾಕ್ತೀರಾ?"

"ಹೌದು. ಅದಕ್ಕೆ?"

"ನಾನು ಮಿಕ್ಕಿದ ಬನ್ ಹಾಕಿ ಸಾಕಿರೋದು ಅದನ್ನ. ಮೈದಾ ವಾಸನೆ ಬಂದ್ರೆ ತವರುಮನೆ ನೆನಪಾಗುತ್ತೆ, ಪಾಪ."

"ಪಾಪನಾ? ಆಡು ಮುಟ್ಟದ ಸೊಪ್ಪಿಲ್ಲ ಅಂತ ಕೇಳಿದ್ದೆ. ನಿಮ್ಮ ಆಡು ಪುಸ್ತಕಾನೂ ಬಿಡ್ತಿಲ್ಲ!"

"ಓದೋ ಹುಚ್ಚು," ಎಂದ ಅವನು ತಲೆ ಕೆರೆದುಕೊಂಡು. "ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ."

ಒಳಗಿನಿಂದ ದೊಡ್ಡಮ್ಮನ ದನಿ ಕೇಳಿತು. ಅವನ ತಾಯಿಯ ಅಕ್ಕ ಆಕೆ, ಅವನನ್ನೂ ಮೇಕೆಗಳನ್ನೂ ಸಾಕಿ ದೊಡ್ಡದು ಮಾಡಿದವಳು. ಇಬ್ಬರಲ್ಲಿ ಯಾರ ಮೇಲೆ ಪ್ರೀತಿ ಹೆಚ್ಚು ಎಂದು ಕೇಳಿದರೆ ಅವನಿಗೆ ಬೇಜಾರಾಗುತ್ತಿತ್ತು. "ಯಾರೋ ಅದು, ನಮ್ಮ ದೊರೆಸಾನಿಯನ್ನ ಬೈತಿರೋದು? ಆಡಿನ ಬಾಯಿಗೆ ಬೇಲಿ ಹಾಕೋಕಾಗುತ್ತಾ ತಾಯಿ? ಅಂಟು ನೀವೇ ಒಳಗಿಟ್ಕೊಳ್ಳಿ!"

"ಕೇಳಿದ್ರಾ?" ಎಂದಳು ಬೈಂಡರನ ಮಗಳು. "ತಪ್ಪು ಮಾಡಿದ್ದೂ ನೀವೇ, ಬುದ್ಧಿ ಹೇಳೋದೂ ನೀವೇ."

"ಇವತ್ತೇ ಬೇಲಿ ಸರಿ ಮಾಡ್ತೀನಿ. ನನ್ನ ಓವನ್ ಮೇಲಾಣೆ," ಎಂದು ಅವನು ನಕ್ಕ. ನಕ್ಕಾಗ ರೆಪ್ಪೆಯ ಹಿಟ್ಟು ಕೆನ್ನೆಗೆ ಉದುರಿತು. ಅವಳು ಮಸೆದು ತಂದಿದ್ದ ಮಾತುಗಳಲ್ಲಿ ಇನ್ನೂ ಅರ್ಧಕ್ಕರ್ಧ ಬಾಕಿ ಇದ್ದವು. ಒಂದೂ ನೆನಪಿಗೆ ಬರಲಿಲ್ಲ. "ನೋಡೋಣ," ಎಂದಷ್ಟೇ ಹೇಳಿ ತಿರುಗಿ ಬಂದಳು.

ಹಿತ್ತಲಿಗೆ ಬಂದಾಗ ಕಟ್ಟೆಯ ಮೇಲಿದ್ದ ಲೋಟ ಕಣ್ಣಿಗೆ ಬಿತ್ತು. ಓಡಿಹೋಗಿ ಕೈಗೆತ್ತಿಕೊಂಡಳು.

ಲೋಟದಲ್ಲಿದ್ದದ್ದು ಮೈಲುತುತ್ತ. ನೀಲಿ ಹರಳು. ಬಿಸಿನೀರಲ್ಲಿ ಕರಗಿಸಿ ಬೆರೆಸಿದರೆ ಅಂಟು ತಿಳಿನೀಲಿಯಾಗುತ್ತದೆ, ಆ ಅಂಟು ಹಚ್ಚಿದ ಪುಸ್ತಕದ ಹತ್ತಿರ ಹುಳು ಸುಳಿಯುವುದಿಲ್ಲ. ವಿಷ ಅದು. ಹುಳುವಿಗೂ ವಿಷ, ಮೇಕೆಗೂ ವಿಷ. ಈ ದಿನ ಬೆರೆಸುವ ಮೊದಲೇ ಮೇಕೆ ಬಾಯಿ ಹಾಕಿತ್ತು. ಅವಳು ಸ್ವಲ್ಪ ಮುಂಚೆ ಎದ್ದಿದ್ದರೆ, ಲೋಟವನ್ನು ಬೋಗುಣಿಗೆ ಬಗ್ಗಿಸಿದ್ದರೆ?

ಅಂಟನ್ನು ಒಳಗಿಡಬಹುದು, ಸರಿ. ಆದರೆ ಅಂಟು ಹಚ್ಚಿದ ಪುಸ್ತಕ ಬಿಸಿಲಿಗೆ ಬರಲೇಬೇಕಲ್ಲ! ಅದನ್ನೂ ನೆಕ್ಕುವ ಪ್ರಾಣಿ ಇದು. ಅವಳು ಲೋಟ ಹಿಡಿದು ತುಂಬ ಹೊತ್ತು ನಿಂತಿದ್ದು, ಕೊನೆಗೆ ಬೆರೆಸದೆ ಪಕ್ಕಕ್ಕಿಟ್ಟಳು. ಬೇಲಿ ಆಗುವವರೆಗೆ ಮಾತ್ರ ಎಂದು ತನಗೆ ತಾನೇ ಹೇಳಿಕೊಂಡಳು. ಇವತ್ತೇ ಮಾಡ್ತೀನಿ ಅಂದಿದ್ದಾನಲ್ಲ.

"ತುತ್ತ ಹಾಕಿದೆಯೇನಮ್ಮ?" ಮುಂದಿನ ಕೋಣೆಯಿಂದ ಅಪ್ಪ ಕೇಳಿದ.

"ಹೂಂ ಅಪ್ಪ."

ಹುಟ್ಟಿದಾಗಿನಿಂದ ಅಪ್ಪನಿಗೆ ಹೇಳಿದ ಮೊದಲ ಸುಳ್ಳು ಅದು. ಬೇರೆ ಯಾವ ವಿಷಯದಲ್ಲಾದರೂ ಹೇಳಬಹುದಿತ್ತು. ತುತ್ತದ ವಿಷಯದಲ್ಲಿ ಹೇಳಬಾರದಿತ್ತು. "ನಮ್ಮ ಅಂಗಡಿ ಪುಸ್ತಕಕ್ಕೆ ಹುಳ ಬಿದ್ದಿದ್ದು ತೋರಿಸಿ, ಇಡೀ ಕಪಾಟು ಬಿಟ್ಟಿಯಾಗಿ ಕಟ್ಟಿಕೊಡ್ತೀನಿ," ಎಂದು ಬಂದ ಗಿರಾಕಿಗೆಲ್ಲ ಸವಾಲು ಹಾಕುವ ಮನುಷ್ಯ ಅವನು. ಯಾರೂ ತೋರಿಸಿರಲಿಲ್ಲ. ಈಗ ಎರಡೂ ಕಣ್ಣಿಗೆ ಪೊರೆ ಬಂದು ಬಿಳಿ ಯಾವುದು, ತಿಳಿನೀಲಿ ಯಾವುದು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಕೈ ಅಭ್ಯಾಸದ ಮೇಲೆ ಹೊಲಿಗೆ ಹಾಕುತ್ತಿದ್ದ, ಅಂಟಿನ ಕೆಲಸವನ್ನು ಮಗಳ ಮೇಲೆ ಬಿಟ್ಟಿದ್ದ. ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಅಷ್ಟರೊಳಗೆ ಬೇಲಿ ಆಗಿ, ಅಂಟು ಮತ್ತೆ ನೀಲಿಯಾಗಿಬಿಟ್ಟರೆ ಅಪ್ಪನಿಗೆ ಗೊತ್ತಾಗುವುದೇ ಇಲ್ಲ ಎಂಬುದು ಅವಳ ಲೆಕ್ಕ. ಆಗದಿದ್ದರೆ? ಅದನ್ನು ಅವಳು ಯೋಚಿಸಲು ಹೋಗಲಿಲ್ಲ.

ಬೇಲಿ ಆ ದಿನವೇ ಆಯಿತು. ಮರುದಿನವೇ ಬಿತ್ತು.

ಆಮೇಲೆ ಅವನು ತಂತಿ ಕಟ್ಟಿದ. ದೊರೆಸಾನಿ ತಂತಿಯ ಮೇಲೆ ಬೆನ್ನು ಉಜ್ಜಿಕೊಂಡು ಸುಖಪಟ್ಟಿತು. ಅವನು ಗೂಟ ಹೊಡೆದ. ಅದರ ಎರಡು ಮರಿಗಳು ಗೂಟಗಳ ನಡುವೆ ಮುಟ್ಟಾಟ ಆಡಿದವು. ಬನ್ ತಟ್ಟುವ ಕೈಗೆ ಗೂಟ ಹೊಡೆಯುವ ವಿದ್ಯೆ ಎಲ್ಲಿಂದ ಬರಬೇಕು? ಹೊಡೆದ ಒಂದೊಂದು ಗೂಟವೂ ಒಂದೊಂದು ದಿಕ್ಕಿಗೆ ನಮಸ್ಕಾರ ಮಾಡುತ್ತಿತ್ತು.

ಹೀಗೆ ದಿನವೂ ಮೇಕೆ ಈ ಕಡೆ ಬರುವುದು, ಅದನ್ನು ಕರೆದೊಯ್ಯಲು ಅವನು ಬರುವುದು ರೂಢಿಯಾಯಿತು. ಬರಿಗೈಯಲ್ಲಿ ಬರುತ್ತಿರಲಿಲ್ಲ. ಕಾಗದದ ಪೊಟ್ಟಣದಲ್ಲಿ ಬಿಸಿ ಬನ್ನು ತರುತ್ತಿದ್ದ.

"ಇದೇನು?"

"ದಂಡ. ನಮ್ಮವಳು ತಿಂದಿದ್ದಕ್ಕೆ."

"ದಂಡ ಕಟ್ಟಿಬಿಟ್ರೆ ಆಯ್ತಾ? ಬೇಲಿ ಯಾವಾಗ್ರೀ?"

"ಬನ್ ಆರೋಗುತ್ತೆ, ಮೊದಲು ತಿನ್ನಿ. ಬೈಯೋದು ಆರಲ್ಲ, ಆಮೇಲೂ ಬೈಬಹುದು."

ಅವಳು ಬೈಯುತ್ತಲೇ ತಿನ್ನುತ್ತಿದ್ದಳು. ಅವನು ಮೇಕೆಯ ಕಿವಿ ಹಿಡಿದುಕೊಂಡು, ಹೊರಡುವವನಂತೆ ಕಂಡರೂ ಹೊರಡದೆ, ಅವಳ ಕೆಲಸ ನೋಡುತ್ತ ನಿಲ್ಲುತ್ತಿದ್ದ. ಹಾಳೆಗಳ ಅಂಚು ತಟ್ಟಿ ಸಮ ಮಾಡುವುದು, ದಬ್ಬಣದಿಂದ ತೂತು ಕೊರೆಯುವುದು, ಬಾಯಲ್ಲಿ ದಾರ ಕಚ್ಚಿ ಎಳೆಯುವುದು. ದಾರ ಕಚ್ಚಿದಾಗ ಅವಳ ಕೆನ್ನೆಯಲ್ಲೊಂದು ಗುಳಿ ಬೀಳುತ್ತಿತ್ತು. ಆ ಹೊತ್ತಿಗೆ ಅವನ ಕಣ್ಣು ಪುಸ್ತಕದ ಮೇಲಿರುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಬೇಕಿದ್ದಕ್ಕಿಂತ ಒಂದೆರಡು ಸಲ ಜಾಸ್ತಿಯೇ ದಾರ ಕಚ್ಚುತ್ತಿದ್ದಳು ಎಂದರೆ ಯಾರೂ ಅವಳನ್ನು ತಪ್ಪು ತಿಳಿಯಬಾರದು.

"ನಾನೂ ಸ್ವಲ್ಪ ಅಂಟು ಹಚ್ಲಾ?" ಎಂದು ಒಂದು ದಿನ ಕೇಳಿದ.

ಬ್ರಷ್ ಕೊಟ್ಟಳು. ಅವನು ಬ್ರಷ್ ಬಿಟ್ಟು ಅಂಗೈಯಲ್ಲೇ ರಟ್ಟಿನ ಮೇಲೆ ಅಂಟನ್ನು ಒತ್ತಿ ಒತ್ತಿ ತಿರುಗಿಸತೊಡಗಿದ.

"ಅಯ್ಯೋ, ನಾದ್ತಿದೀರಲ್ರೀ! ಅದು ಹಚ್ಚೋದು, ನಾದೋದಲ್ಲ," ಎಂದು ಅವಳು ಅವನ ಮಣಿಕಟ್ಟು ಹಿಡಿದು ಎತ್ತಿದಳು. ಇಬ್ಬರ ಕೈಗೂ ಅಂಟು. ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತಾಯಿತು. ಅಷ್ಟು ಗಟ್ಟಿ ಅಂಟೇನೂ ಆಗಿರಲಿಲ್ಲ ಅದು.

"ಬೇಕರಿ ಅಣ್ಣ, ಇನ್ನು ಹೊರಡಿ," ಎಂದಳು ಅವಳು, ಮುಖ ಆ ಕಡೆ ತಿರುಗಿಸಿಕೊಂಡು.

"ಅಣ್ಣ ಅನ್ನಬೇಡಿ ದಯವಿಟ್ಟು. ಬೇಕಾದ್ರೆ ಕಳ್ಳ ಅನ್ನಿ, ಕತ್ತೆ ಅನ್ನಿ. ಅಣ್ಣ ಮಾತ್ರ ಬೇಡ."

ಅವಳಿಗೆ ನಗು ತಡೆಯಲಾಗಲಿಲ್ಲ. ಒಳಗಿನಿಂದ ಅಪ್ಪ, "ಯಾರಮ್ಮ ಅದು?" ಎಂದ. "ಮೇಕೆ ಅಪ್ಪ!" ಎಂದಳು. ಮೇಕೆ ಸಾಕ್ಷಿಗೆ ಮೇ ಎಂದಿತು.

ಅಂಟಿನ ಗುಟ್ಟನ್ನು ಅವನಿಗೆ ಹೇಳಲು ಎಷ್ಟೋ ಸಲ ಬಾಯಿ ತೆರೆದಳು, ಹೇಳಲಿಲ್ಲ. ತುತ್ತ ಹಾಕುತ್ತಿಲ್ಲ ಎಂದು ಗೊತ್ತಾದರೆ ಈ ಸೋಮಾರಿ ಬೇಲಿಯನ್ನು ಮರೆತೇಬಿಡುತ್ತಾನೆ. ಅದೊಂದು ಕಾರಣ. ಇನ್ನೊಂದು, ಹೇಳಿದರೆ ಅವನು ಯಾಕೆ ಎಂದು ಕೇಳುತ್ತಾನೆ. ಅವಳಿಗೀಗ ಆ ಪ್ರಶ್ನೆಯೇ ಭಯ. ಒಂದು ದಿನ ಮಧ್ಯಾಹ್ನವಾದರೂ ಮೇಕೆಗಳು ಬರಲಿಲ್ಲ. ಅವಳಿಗೆ ಹೊಲಿಗೆ ತಪ್ಪಿತು, ಬೆರಳಿಗೆ ದಬ್ಬಣ ಚುಚ್ಚಿತು, ಕೊನೆಗೆ ತಾನೇ ಹೋಗಿ ಟ್ರೇಯ ಸಂದಿನಲ್ಲಿ ಇಣುಕಿದಳು. ಆ ಕಡೆಯಿಂದ ಅವನೂ ಇಣುಕುತ್ತಿದ್ದ.

"ಮೇಕೆ ಹುಡುಕ್ತಿದ್ದೆ," ಎಂದಳು ಗಾಬರಿಯಲ್ಲಿ.

"ನನ್ನ ಮೇಕೇನಾ?"

"ಮತ್ತೆ ನಾನೇನು ಮೇಕೆ ಸಾಕಿದೀನಾ?"

ಅವನು ನಕ್ಕ. ಆ ಇಡೀ ಮಧ್ಯಾಹ್ನ ಅವಳಿಗೆ ಹಾಲು ಕುಡಿದಷ್ಟು ಸಂತೋಷ. ಸಂಜೆ ಅಪ್ಪ ಎಂದಿನಂತೆ ತುತ್ತದ ಮಾತು ಕೇಳಿದಾಗ ಆ ಸಂತೋಷವೆಲ್ಲ ಇಳಿದುಹೋಯಿತು. ಆ ವಾರ ಲೈಬ್ರರಿಯ ಪುಸ್ತಕಗಳು ಬಿಳಿ ಅಂಟಿನಲ್ಲೇ ಕಟ್ಟಿಸಿಕೊಂಡು ಹೋಗಿದ್ದವು. ಅಪ್ಪ ಅವುಗಳ ಬೆನ್ನು ಸವರಿ, "ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರ್ತವೆ," ಎಂದು ಕಳಿಸಿದ್ದ. ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು.

ಆಪರೇಷನ್ ಹತ್ತಿರ ಬಂದ ಹಾಗೆ ಅವಳ ಬೈಗುಳ ಏರಿತು. ಅಪ್ಪ ಆಸ್ಪತ್ರೆಗೆ ಸೇರಿದ ದಿನವಂತೂ ಕೇಳುವುದೇ ಬೇಡ.

"ನೋಡಿ, ನಮ್ಮಪ್ಪನ ಕಣ್ಣಿನ ಪಟ್ಟಿ ಬಿಚ್ಚೋದ್ರೊಳಗೆ ಬೇಲಿ ಆಗಿರಬೇಕು!"

"ನಿಮ್ಮಪ್ಪನ ಕಣ್ಣಿಗೂ ನನ್ನ ಬೇಲಿಗೂ ಏನ್ರೀ ಸಂಬಂಧ?"

"ಇದೆ. ಒಂದು ಕೆಲಸ ಹೇಳಿದ್ರೆ ಮಾಡೋ ಜವಾಬ್ದಾರಿ ಇಲ್ವಾ ನಿಮಗೆ? ನಿಮ್ಮನ್ನ ನಂಬಿದವರ ಗತಿ ಏನು?"

ತಮಾಷೆಗೆ ಬಾಯಿ ತೆರೆದವನು ಅವಳ ಒದ್ದೆ ಕಣ್ಣು ನೋಡಿ, ವಾಲಿದ್ದ ಗೂಟವೊಂದನ್ನು ಎತ್ತಿ ನಿಲ್ಲಿಸಿದ. "ಆಯ್ತು," ಎಂದ ಮೆಲ್ಲಗೆ. "ನಾಳೆ ಒಂದು ಕಿಂಡೀನೂ ಇರಲ್ಲ. ನೋಡ್ತಿರಿ."

ಅಪ್ಪನ ಕಣ್ಣಿನ ಪಟ್ಟಿ ಬಿಚ್ಚಿದ್ದು ಮರುದಿನ. ಕಪ್ಪು ಕನ್ನಡಕ ಹಾಕಿಕೊಂಡು ಆಸ್ಪತ್ರೆಯಿಂದ ಬಂದವನು ಮನೆಯೊಳಗೆ ಕೂರಲಿಲ್ಲ. ಅಂಗಡಿಯ ತುಂಬ ಓಡಾಡಿ ಕನ್ನಡಕ ಎತ್ತಿ ಎತ್ತಿ ನೋಡಿದ. "ಈ ಬಟ್ಟೆ ಇಷ್ಟು ಕೆಂಪಾ? ಅಯ್ಯೋ, ಈ ಗೋಡೆ ಇಷ್ಟು ಕೊಳಕಾ? ನೀನು ಯಾಕಮ್ಮ ಇಷ್ಟು ಸೊರಗಿದೀಯ?" ಎನ್ನುತ್ತ ಹಿತ್ತಲಿಗೂ ಬಂದ. ಅವಳು ಬೋಗುಣಿಗೆ ಅಡ್ಡ ನಿಂತಳು. ಅದರಲ್ಲಿ ಹಿಂದಿನ ದಿನದ ಅಂಟು, ಹಾಲಿನಷ್ಟು ಬಿಳಿ.

ಆಗ ಬೇಲಿಯ ಟ್ರೇಗಳನ್ನು ದಡಬಡ ಬೀಳಿಸಿಕೊಂಡು ಬೇಕರಿಯವನು ಓಡಿಬಂದ. ಮುಖದಲ್ಲಿ ರಕ್ತವಿರಲಿಲ್ಲ.

"ರೀ, ದೊರೆಸಾನಿ ಬಿದ್ದುಬಿಟ್ಟಿದಾಳೆ. ಹೊಟ್ಟೆ ಊದಿಬಿಟ್ಟಿದೆ, ಏಳೋಕಾಗ್ತಿಲ್ಲ. ದನದ ಡಾಕ್ಟರಮ್ಮ ಬಂದಿದಾರೆ. ಬೈಂಡಿಂಗ್ ಅಂಟಲ್ಲಿ ಮೈಲುತುತ್ತ ಇರುತ್ತಂತೆ. ಅದು ತಿಂದಿದ್ರೆ ಕೊಡೋ ಔಷಧಿ ಬೇರೆ, ತಿಂದಿಲ್ಲ ಅಂದ್ರೆ ಬೇರೆ, ತಪ್ಪಿದ್ರೆ ಉಳಿಯಲ್ಲ, ಕೇಳ್ಕೊಂಡು ಬಾ ಅಂದ್ರು. ನಾನು ಜಗಳ ಆಡಲ್ಲ, ತಪ್ಪು ನಂದೇ. ನಿಜ ಹೇಳಿ ಸಾಕು. ತುತ್ತ ಹಾಕಿದೀರಾ?"

ಆ ಕಡೆಯಿಂದ ದೊಡ್ಡಮ್ಮನ ಗೋಳು: "ಕೊಂದ್ರಲ್ಲಪ್ಪೋ, ನನ್ನ ಮಗಳಿಗೆ ವಿಷ ಹಾಕಿ ಕೊಂದ್ರಲ್ಲಪ್ಪೋ!"

ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಎದೆ ಸೆಟೆಸಿ ಹೇಳಿಬಿಟ್ಟ. "ಹಾಕದೇ ಇರ್ತೀವೇನಪ್ಪ? ತುತ್ತ ಇಲ್ಲದ ಅಂಟನ್ನ ನಮ್ಮ ಅಂಗಡೀಲಿ ಕೈಯಿಂದಲೂ ಮುಟ್ಟಲ್ಲ."

ಬೇಕರಿಯವನು ತಲೆಯಾಡಿಸಿ ತಿರುಗಿದ. ಅತ್ತ ದರಿ, ಇತ್ತ ಪುಲಿ ಅನ್ನುತ್ತಾರಲ್ಲ, ಅವಳ ಸ್ಥಿತಿ ಅದು. ಸುಮ್ಮನಿದ್ದರೆ ಅಪ್ಪನ ಎದುರು ಮಾನ ಉಳಿಯುತ್ತದೆ, ಮೇಕೆಗೆ ಇಲ್ಲದ ವಿಷಕ್ಕೆ ಔಷಧಿ ಬೀಳುತ್ತದೆ.

"ನಿಲ್ಲಿ!" ಎಂದು ಕೂಗಿದಳು. "ಹಾಕಿಲ್ಲ. ಒಂದು ದಿನವೂ ಹಾಕಿಲ್ಲ. ನಿಮ್ಮ ಮೇಕೆ ಬರೋಕೆ ಶುರುವಾದಾಗಿಂದ ಒಂದು ಹರಳೂ ಹಾಕಿಲ್ಲ. ಡಾಕ್ಟರಿಗೆ ಹಾಗೇ ಹೇಳಿ."

ಅವನು ನಿಂತ. ಅವಳನ್ನು ನೋಡಿದ. ಇದುವರೆಗೆ ಕದ್ದು ನೋಡುತ್ತಿದ್ದವನು ಈಗ ನೇರವಾಗಿ, ಮೊದಲ ಸಲ ಕಂಡವನ ಹಾಗೆ ನೋಡಿದ.

"ಓಡ್ರೀ!" ಎಂದಳು. ಓಡಿದ.

ಅಪ್ಪ ಕನ್ನಡಕ ತೆಗೆದ. ಬಗ್ಗಿ ಬೋಗುಣಿಗೆ ಬೆರಳದ್ದಿ ಬಿಸಿಲಿಗೆ ಹಿಡಿದು ನೋಡಿದ. ತುಂಬ ಹೊತ್ತು ನೋಡಿದ.

"ನಾನು ಕೇಳಿದಾಗೆಲ್ಲ ಹೂಂ ಅಂದೆ."

"ಅಂದೆ ಅಪ್ಪ."

"ಅಪ್ಪನಿಗೆ ಹೇಗೂ ಕಣ್ಣು ಕಾಣಲ್ಲ ಅಂತ ತಾನೆ?"

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳು ಅಲ್ಲೇ ಕಟ್ಟೆಯ ಮೇಲೆ ಕುಸಿದು ಅತ್ತುಬಿಟ್ಟಳು. "ಹಾಗಲ್ಲಪ್ಪ. ಅದು ತಿಂದು ಸತ್ತುಹೋದ್ರೆ ಅಂತ ಭಯ ಆಯ್ತು. ಸತ್ತರೆ ಅವರು ಇನ್ನು ಈ ಕಡೆ ತಿರುಗಿಯೂ ನೋಡಲ್ಲ ಅಂತ..."

"ಅವರು ಅಂದ್ರೆ ಯಾರು? ಮೇಕೆಗಳಾ?"

ಅವಳು ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪನಿಗೆ ಉತ್ತರ ಬೇಕಾಗಿರಲಿಲ್ಲ. ಪಕ್ಕದ ಹಿತ್ತಲಿನಿಂದ ಲಾರಿ ಟೈರಿನ ಗಾಳಿ ಬಿಟ್ಟಂಥ ಒಂದು ದೊಡ್ಡ ಶಬ್ದ ಬಂತು. ಹಿಂದೆಯೇ ಡಾಕ್ಟರಮ್ಮನ ನಗು ಕೇಳಿತು. ಅಪ್ಪನೂ ಮಗಳೂ ಬಿದ್ದ ಟ್ರೇಗಳನ್ನು ದಾಟಿ ಹೋದರು.

ದೊರೆಸಾನಿ ಎದ್ದು ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ ತೂರಾಡುತ್ತಿತ್ತು. ಡಾಕ್ಟರಮ್ಮ ಹೊಟ್ಟೆಗೆ ಇಳಿಸಿದ್ದ ಕೊಳವೆ ಸುತ್ತುತ್ತ, "ಒಳ್ಳೇದಾಯ್ತು ನಿಜ ಹೇಳಿ ಕಳಿಸಿದ್ದು," ಎಂದರು. "ಇದು ವಿಷ ಅಲ್ಲ, ಹಸಿ ಬ್ರೆಡ್ ಹಿಟ್ಟು. ಈಸ್ಟ್ ಹಾಕಿದ್ದು. ಹೊಟ್ಟೇಲಿ ಉಬ್ಬಿ ಹುಳಿ ಬಂದು ನಶೆ ಏರಿದೆ. ನಿಮ್ಮ ಮೇಕೆ ಕುಡಿದಿದೆ ಕಣ್ರೀ! ಯಾರು ಇಟ್ಟಿದ್ದು ಹಿಟ್ಟನ್ನ ಇದರ ಬಾಯಿಗೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಬೇಕರಿಯವನು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಬೇಲೀಲಿ ಒಂದು ಕಿಂಡಿ ಉಳಿದಿತ್ತು," ಎಂದ ನೆಲ ನೋಡುತ್ತ. "ಇವತ್ತು ಮುಚ್ಚಲೇಬೇಕಿತ್ತು, ಇವರಿಗೆ ಮಾತು ಕೊಟ್ಟಿದ್ದೆ. ಭಾರದ್ದು ಏನೂ ಸಿಗಲಿಲ್ಲ. ನಾಳೆ ಬ್ರೆಡ್ಡಿಗೆ ಕಲಸಿದ್ದ ಹಿಟ್ಟಿನ ತೊಟ್ಟೀನೇ ಅಡ್ಡ ಇಟ್ಟೆ."

"ಮೇಕೆ ದಾಟಬಾರದು ಅಂತ ಊಟದ ತಟ್ಟೇನೇ ಅಡ್ಡ ಇಟ್ರಾ!" ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ದೊಡ್ಡಮ್ಮ ಅಳು ನಿಲ್ಲಿಸಿ ಅವನ ತಲೆಗೊಂದು ಮೊಟಕಿದಳು. ಆಮೇಲೆ ಬೈಂಡರನ ಮಗಳ ಎರಡೂ ಕೈ ಹಿಡಿದುಕೊಂಡು, "ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ ಮಗಳೇ. ಮನಸ್ಸಿಗೆ ಹಾಕ್ಕೋಬೇಡ," ಎಂದಳು. ದೊರೆಸಾನಿ ಎಲ್ಲರ ಮಧ್ಯೆ ನಿಂತು ರಾಗವಾಗಿ ಒಂದು ಸಲ ಅರಚಿ, ಮಂಚದ ಚೌಕಟ್ಟಿಗೆ ಒರಗಿ ನಿದ್ದೆಹೋಯಿತು. ಇಡೀ ಹಿತ್ತಲು ನಕ್ಕಿತು. ಅಪ್ಪ ಮಾತ್ರ ನಗಲಿಲ್ಲ.

ಮರುದಿನ ಅಪ್ಪ ಹೇಳಿದ್ದು ಒಂದೇ ಮಾತು. "ಬಿಳಿ ಅಂಟಲ್ಲಿ ಕಟ್ಟಿದ್ದೆಲ್ಲ ವಾಪಸ್ ಬರಬೇಕು. ಲೈಬ್ರರಿಗೆ ನೀನೇ ಹೋಗಿ ಹೇಳು."

ಅವಳು ಹೋದಳು. ತಲೆ ತಗ್ಗಿಸಿ ನಿಂತು ಇದ್ದದ್ದು ಇದ್ದಂತೆ ಹೇಳಿದಳು. ಲೈಬ್ರರಿಯವರು ಗೊಣಗಿದರು, ಒಪ್ಪಿದರು, ಕಪಾಟಿನಲ್ಲಿದ್ದಷ್ಟನ್ನು ಎತ್ತಿಕೊಟ್ಟರು. ಓದಲು ಒಯ್ದಿದ್ದವು ಕೆಲವು, ಯಾವಾಗ ಬರುತ್ತವೋ ಗೊತ್ತಿಲ್ಲ ಎಂದರು. ಹೊರಗೆ ಬಂದರೆ ಬೇಕರಿಯವನು ಬ್ರೆಡ್ ಸಾಗಿಸುವ ತಳ್ಳುಗಾಡಿ ಹಿಡಿದು ನಿಂತಿದ್ದ. ಆ ಹೊತ್ತಿಗೆ ಅವನು ಮಲಗಿರಬೇಕಿತ್ತು.

ಇಬ್ಬರೂ ಗಾಡಿ ತಳ್ಳಿಕೊಂಡು ಹೊರಟರು.

"ನನ್ನಿಂದ ಎಷ್ಟು ತೊಂದರೆ ಆಯ್ತು ನಿಮಗೆ," ಎಂದ ಅವನು ರಸ್ತೆಯ ತಿರುವಿನಲ್ಲಿ. "ನನ್ನ ಮೇಕೆಗೋಸ್ಕರ ಅಪ್ಪನ ಹತ್ರ ಸುಳ್ಳು ಹೇಳಿದ್ರಿ."

ಅವಳಿಗೆ ರೇಗಿತು. ಇಷ್ಟು ದಡ್ಡನೂ ಇರುತ್ತಾನೆಯೇ?

"ಮೇಕೆಗೋಸ್ಕರ ಅಂತ ಯಾರ್ರೀ ಹೇಳಿದ್ದು ನಿಮಗೆ?"

ಗಾಡಿ ನಿಂತಿತು. ನಡುರಸ್ತೆ. ಹಿಂದಿನಿಂದ ಒಂದು ಆಟೋ ಹಾರ್ನ್ ಹೊಡೆಯಿತು, ಅದರ ಹಿಂದೆ ಒಂದು ಲಾರಿ. ಅವನಿಗೆ ಕೇಳಿಸಲಿಲ್ಲ. ಅವನ ಕಿವಿ ಕೆಂಪಾಗಿತ್ತು, ನಗಲೋ ಅಳಲೋ ಎಂದು ತಿಳಿಯದೆ ಬಾಯಿ ಅರ್ಧ ತೆರೆದಿತ್ತು.

"ಗಾಡಿ ತಳ್ಳಿ," ಎಂದಳು ಅವಳು. ಅವಳ ಕಿವಿಯೂ ಕೆಂಪಾಗಿತ್ತು.

"ತಳ್ತೀನಿ. ಇನ್ನೊಂದು ಸಲ ಹೇಳಿ."

"ಆಗಲ್ಲ. ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ನಾನಂತೂ ಹೇಳಿಬಿಡ್ತೀನಿ. ನೀವು ಮೊದಲನೇ ದಿನ ಬಾಗಿಲು ಬಡಿದು ಬೈದ್ರಲ್ಲ, ಆವತ್ತಿಂದ ನನಗೆ ಹಗಲು ನಿದ್ದೆ ಇಲ್ಲ. ರಾತ್ರಿ ಮೊದಲೇ ಇರಲಿಲ್ಲ."

ಆಮೇಲಿನ ದಿನಗಳಲ್ಲಿ ಹಿತ್ತಲಲ್ಲಿ ಎರಡು ಕೆಲಸ ಒಟ್ಟಿಗೆ ನಡೆದವು. ಅವನು ಕಲ್ಲುಕಂಬದ ಕೆಲಸದವನ ಹತ್ತಿರ ಹೋಗಿ ಕಲಿತುಬಂದು, ಮೊಣಕೈ ಆಳದ ಗುಂಡಿ ತೋಡಿ, ಕಂಬ ನೆಟ್ಟು, ಜಾಲರಿ ಬಿಗಿದ. ದೊರೆಸಾನಿ ಕೊಂಬಿನಿಂದ ಗುದ್ದಿ ಗುದ್ದಿ ಪರೀಕ್ಷೆ ಮಾಡಿ ಸೋತು ಹುಲ್ಲಿಗೆ ಬಾಯಿ ಹಾಕಿತು. ಈ ಕಡೆ ಅವಳು ಒಂದೊಂದೇ ಪುಸ್ತಕ ಬಿಚ್ಚಿ, ಬಿಳಿ ಅಂಟು ಕೆರೆದು, ನೀಲಿ ಅಂಟಲ್ಲಿ ಮತ್ತೆ ಕಟ್ಟಿದಳು. ಬೇಲಿ ಮುಗಿದ ಮೇಲೆ ಅವನು ಮುಂಬಾಗಿಲಿನಿಂದಲೇ ಬಂದು ಕೆರೆಯಲು ಕೂತ. ಅಪ್ಪ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅಂಟಿನ ಬಣ್ಣವನ್ನೂ ಬಂದು ನೋಡಲಿಲ್ಲ. ಅವಳು ತಂದಿಟ್ಟ ಬೋಗುಣಿಗೆ ಕಣ್ಣು ಹಾಯಿಸದೆ ಬ್ರಷ್ ಅದ್ದಿ ಹಚ್ಚುತ್ತಿದ್ದ. ಅದನ್ನು ಕಂಡು ಅವಳು ಒಳಗೆ ಹೋಗಿ ಮುಖ ತೊಳೆದುಕೊಂಡು ಬರಬೇಕಾಯಿತು.

ಲೈಬ್ರರಿಯಿಂದ ಬಂದವೆಲ್ಲ ಮುಗಿದ ದಿನ, ಅಪ್ಪ ದಾರದ ಉಂಡೆ ಪಕ್ಕಕ್ಕಿಟ್ಟು ಕೂತಲ್ಲಿಂದಲೇ ಮಾತು ತೆಗೆದ.

"ಇನ್ನೂ ಕೆಲವು ಪುಸ್ತಕ ಯಾರ್ಯಾರ ಮನೇಲೋ ಇವೆ. ಯಾವತ್ತು ಬರ್ತವೋ ಗೊತ್ತಿಲ್ಲ. ಹತ್ತು ವರ್ಷ ಆಗಬಹುದು, ಇಪ್ಪತ್ತಾಗಬಹುದು, ಹುಳ ಹಿಡಿದೇ ಬರಬಹುದು. ಆಗ ನಾನಿರ್ತೀನೋ ಇಲ್ವೋ. ಇವಳೊಬ್ಬಳ ಕೈಲಿ ಆಗಲ್ಲ. ಯಾರು ಜವಾಬ್ದಾರಿ?"

ಅವನು ಕೆರೆಯುತ್ತಿದ್ದ ಚಾಕು ಕೆಳಗಿಟ್ಟ. ನಗಲಿಲ್ಲ, ತಮಾಷೆ ಮಾಡಲಿಲ್ಲ.

"ನಾನು ಸಾರ್. ಹತ್ತು ವರ್ಷಕ್ಕೆ ಬಂದ್ರೂ ನಾನು, ಇಪ್ಪತ್ತಕ್ಕೆ ಬಂದ್ರೂ ನಾನು. ಇವರ ಪಕ್ಕದಲ್ಲೇ ಕೂತಿರ್ತೀನಿ."

ಅಪ್ಪ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಮಗಳ ಕಡೆ ತಿರುಗಿದ. "ಒಂದು ಬೇಲಿ ಹಾಕೋಕೆ ಇಷ್ಟು ದಿನ ತಗೊಂಡವನು. ನಂಬಬಹುದೇನಮ್ಮ?"

ಹಾರಿಕೆ ಉತ್ತರಗಳು ಅವಳ ನಾಲಗೆಯ ತುದಿಯಲ್ಲಿ ಎಷ್ಟೋ ಇದ್ದವು. ಯಾವುದನ್ನೂ ಆಡಲಿಲ್ಲ. ಅಪ್ಪನ ಹೊಸ ಕಣ್ಣುಗಳನ್ನೇ ನೇರವಾಗಿ ನೋಡಿದಳು.

"ನನಗೆ ಇವರೇ ಬೇಕು ಅಪ್ಪ. ಇದು ನಿಜ."

ಅಪ್ಪ ಅವಳ ಮುಖವನ್ನೇ ನೋಡಿದ. "ಗೊತ್ತಾಯ್ತು," ಎಂದು ಮೊಣಕಾಲ ಮೇಲೆ ಕೈಯೂರಿ ಎದ್ದ. "ಇಬ್ರೂ ಕೈ ತೊಳ್ಕೊಂಡು ಬನ್ನಿ. ಊಟ ಮಾಡೋಣ."

"ಬಂದೆ ಮಾವ," ಎಂದ ಬೇಕರಿಯವನು.

ಎಂದಮೇಲೆಯೇ ಅವನಿಗೆ ತಾನು ಏನೆಂದೆ ಎಂದು ಗೊತ್ತಾಗಿ ಬಾಯಿ ಮುಚ್ಚಿಕೊಂಡ. ಅವಳು ತಡೆಯಲಾರದೆ ನಗುತ್ತ ಗೋಡೆ ಹಿಡಿದುಕೊಂಡಳು. ಅಪ್ಪ ತಿರುಗಿ ನೋಡಲಿಲ್ಲ. ಒಳಗೆ ಹೋಗಿ ಮೂರು ತಟ್ಟೆ ತೆಗೆದಿಟ್ಟ. ಆಮೇಲೆ ಏನೋ ನೆನಪಾಗಿ ಕಿಟಕಿಯ ಹತ್ತಿರ ಹೋಗಿ, "ದೊಡ್ಡಮ್ಮನವರೇ, ನೀವೂ ಬನ್ನಿ ಊಟಕ್ಕೆ!" ಎಂದು ಪಕ್ಕದ ಮನೆಗೆ ಕೂಗಿ, ನಾಲ್ಕನೆಯ ತಟ್ಟೆ ಇಟ್ಟ.